ದಯೆಗೆ ಅರಿವೇ ಕಣ್ಣು



ದಯೆಯಿಲ್ಲದವನಲ್ಲಿ ಧರ್ಮಕ್ಕೆ ಎಡೆಯಿಲ್ಲವೆಂಬುದು ಶರಣರ ಉಪದೇಶದ ಸಾರವೆಂದು ನಾವೆಲ್ಲರೂ ಬಲ್ಲೆವು. ಆದರೆ ಆ ಶರಣರೇ ಅರಿವನ್ನು ಗುರುಸ್ಥಾನದಲ್ಲಿರಿಸಿ, ಅರಿವೂ ಕ್ರಿಯೆಯೂ ಒಂದನ್ನೊಂದು ಬಿಟ್ಟಿರಲಾಗದೆಂದು ತಿಳಿಯಪಡಿಸಿದರು. ಅರಿವನ್ನು ತೊರೆದ ದಯೆಯು ಎಷ್ಟೇ ಬೆಚ್ಚಗಿದ್ದರೂ ಕೆಲವು ವೇಳೆ ಪ್ರಾಣಕ್ಕೇ ಕೇಡನ್ನು ತಂದೀತು. ಇದಕ್ಕೆ ನಿದರ್ಶನವಾಗಿ ನಮ್ಮ ನಡುವೆ ಆಗಾಗ ಕಾಣುವ ಮೂರ್ಛೆರೋಗವನ್ನು ವಿಚಾರಿಸೋಣ.

ನಮ್ಮ ಕಡೆಯಲ್ಲಿ ಇದನ್ನು ಮಲರೋಗವೆಂದೂ, ಈಚೆಗೆ ಫಿಟ್ಸ್ ಎಂದೂ ಕರೆಯುವರು. ಶಾಸ್ತ್ರದಲ್ಲಿ ಇದಕ್ಕೆ ಅಪಸ್ಮಾರವೆಂದು ಹೆಸರು. ಸ್ಮೃತಿಯು ತೊಲಗುವುದೇ ಅಪಸ್ಮಾರ. ಚರಕಸಂಹಿತೆಯು ಇದನ್ನು ಒಂದು ರೋಗವೆಂದೇ ಎಣಿಸಿ ನಿದಾನ ಚಿಕಿತ್ಸೆಗಳನ್ನು ಹೇಳಿದೆ. ಸುಮಾರು 2400 ವರ್ಷಗಳ ಹಿಂದೆ ಗ್ರೀಕ್ ದೇಶದಲ್ಲಿ ಹಿಪ್ಪೊಕ್ರಟೀಸನ ಹೆಸರಿನಲ್ಲಿ ಬಂದ ಗ್ರಂಥವೂ, ಇದು ದೇವರ ಮುನಿಸಲ್ಲ, ಮೆದುಳಿನ ವ್ಯಾಧಿ ಎಂದು ಸಾರಿತು. ಮೆದುಳಿನ ಕಣಗಳಲ್ಲಿ ನಿಯಮದಿಂದ ಹರಿಯುವ ವಿದ್ಯುತ್ತು ಒಮ್ಮೆಲೆ ಅಡ್ಡಾದಿಡ್ಡಿಯಾಗಿ ಹೊಮ್ಮುವುದರಿಂದ ಅರಿವು ತಪ್ಪಿ ಕೈಕಾಲುಗಳು ಸೆಳೆಯುವುವೆಂದು ಇಂದಿನ ವೈದ್ಯಶಾಸ್ತ್ರವು ವಿವರಿಸುತ್ತದೆ. ಹೆರಿಗೆಯಲ್ಲಿ ಶಿಶುವಿನ ಮೆದುಳಿಗಾದ ಘಾತ, ತಲೆಗೆ ಬಿದ್ದ ಪೆಟ್ಟು, ಮೆದುಳಿನ ಸೋಂಕು ಮೊದಲಾದವು ಇದರ ಕಾರಣಗಳು. ಎಷ್ಟೋ ಮಂದಿಯಲ್ಲಿ ಕಾರಣವೇ ಗೋಚರಿಸುವುದಿಲ್ಲ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ವ್ಯಾಧಿಯುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಬಾಯಲ್ಲಿ ಬರುವ ನೊರೆಯು ಕೇವಲ ಜೊಲ್ಲು. ಮುಟ್ಟಿದರೆ ಈ ರೋಗ ಅಂಟುವುದಿಲ್ಲ. ಮುಟ್ಟು ಮೈಲಿಗೆಗಳ ಭ್ರಾಂತಿಯನ್ನು ಕಳೆದ ಶರಣರ ಮಕ್ಕಳು ಬಿದ್ದವನನ್ನು ಮುಟ್ಟಲು ಹಿಂಜರಿಯಬಹುದೇ?

ಸಂಕ್ರಾಂತಿಗೆ ನೆರೆಯುವ ವಿಜಯಪುರದ ಶ್ರೀ ಸಿದ್ಧೇಶ್ವರ ಜಾತ್ರೆಯಲ್ಲಾಗಲಿ, ತಿಕೋಟಾದ ದ್ರಾಕ್ಷಿಯ ತೋಟದಲ್ಲಾಗಲಿ, ಬಬಲೇಶ್ವರದ ಬಸ್ ನಿಲ್ದಾಣದಲ್ಲಾಗಲಿ ಒಬ್ಬನು ಹೀಗೆ ಬಿದ್ದನೆಂದು ಭಾವಿಸಿರಿ. ಕೂಡಲೇ ಜನ ಮುತ್ತುವರು. ಒಬ್ಬನು ಕೈಯಲ್ಲಿ ಕಬ್ಬಿಣದ ಕೀಲಿಕೈ ಇಡುವನು. ಇನ್ನೊಬ್ಬನು ಮೂಗಿಗೆ ಉಳ್ಳಾಗಡ್ಡಿಯನ್ನೋ ಚಪ್ಪಲಿಯನ್ನೋ ಹಿಡಿಯುವನು. ಮತ್ತೊಬ್ಬನು ಹಲ್ಲುಗಳ ನಡುವೆ ಚಮಚವನ್ನು ತುರುಕುವನು. ನಾಲ್ವರು ಕೂಡಿ ಕೈಕಾಲುಗಳನ್ನು ಅದುಮುವರು. ಇವರೆಲ್ಲರೂ ದಯಾವಂತರೇ ಸರಿ. ಆದರೆ ಕೀಲಿಕೈಗೆ ಮೂರ್ಛೆಯನ್ನು ನಿಲ್ಲಿಸುವ ಶಕ್ತಿಯಿಲ್ಲ. ಸೆಳೆತವು ಸಾಮಾನ್ಯವಾಗಿ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುವುದರಿಂದ ಆ ಕೀರ್ತಿ ಕೀಲಿಕೈಗೆ ಸಲ್ಲುತ್ತದೆ, ಅಷ್ಟೆ. ಚಮಚದಿಂದ ಹಲ್ಲು ಮುರಿದೀತು, ಉಸಿರು ಕಟ್ಟೀತು. ಅದುಮುವುದರಿಂದ ಕೀಲು ತಪ್ಪೀತು, ಎಲುಬು ಮುರಿದೀತು. ನಾಲಗೆಯನ್ನು ನುಂಗಿಬಿಡುವನೆಂಬ ಭಯವೂ ನಿರಾಧಾರವಾದುದು.

ಹಾಗಾದರೆ ಮಾಡತಕ್ಕುದೇನು? ಮೊದಲು ಗಾಬರಿಯನ್ನು ಬಿಟ್ಟು ಗಡಿಯಾರವನ್ನು ನೋಡಿಕೊಳ್ಳಬೇಕು. ಗುಂಪನ್ನು ಸರಿಸಿ ಗಾಳಿಗೆ ಎಡೆಮಾಡಬೇಕು. ಕಲ್ಲು, ಕುಡುಗೋಲು, ಒಲೆ ಮೊದಲಾದವು ಹತ್ತಿರವಿದ್ದರೆ ದೂರ ಮಾಡಬೇಕು. ತಲೆಯ ಕೆಳಗೆ ಮಡಿಸಿದ ಟವೆಲ್ಲನ್ನೋ ರುಮಾಲನ್ನೋ ಇಡಬೇಕು. ಕನ್ನಡಕವನ್ನು ತೆಗೆದು, ಕೊರಳಿನ ಗುಂಡಿಯನ್ನು ಸಡಿಲಿಸಬೇಕು. ಸೆಳೆತ ನಿಂತೊಡನೆ ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹರಿಯುವಂತೆ ಬಾಯಿ ಕೆಳಮುಖವಾಗಿರಿಸಬೇಕು. ಅರಿವು ಪೂರ್ಣವಾಗಿ ಮರಳುವವರೆಗೆ ಬಳಿಯಲ್ಲಿಯೇ ಕುಳಿತಿರಬೇಕು. ಎಚ್ಚತ್ತವನು ಕೆಲಕಾಲ ಮಂಕಾಗಿರುತ್ತಾನೆ, ಬಟ್ಟೆ ಒದ್ದೆಯಾಗಿರಲೂಬಹುದು. ಮೇಲೊಂದು ವಸ್ತ್ರವನ್ನು ಹೊದಿಸಿ ಅವನ ಮಾನವನ್ನು ಕಾಯುವುದೂ ಸೇವೆಯೇ.

ಸೆಳೆತವು 5 ನಿಮಿಷಗಳನ್ನು ಮೀರಿದರೆ, ಒಂದರ ಹಿಂದೊಂದು ಬಂದು ನಡುವೆ ಅರಿವು ಮರಳದಿದ್ದರೆ, ಇದೇ ಮೊದಲ ಸಲವಾಗಿದ್ದರೆ, ಬಿದ್ದವಳು ಗರ್ಭಿಣಿಯಾಗಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ನೀರಿನಲ್ಲಿ ಬಿದ್ದಿದ್ದರೆ, ಗಾಯವಾಗಿದ್ದರೆ, ಸೆಳೆತ ನಿಂತ ಮೇಲೂ ಉಸಿರಾಟ ಸರಿಹೋಗದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಲಿಂಗವಂತರ ಮನದಲ್ಲಿ ಏಳುವ ಶಂಕೆಗಳಿಗೆ ಬರೋಣ. ಶಿವದಾರವೋ ರುದ್ರಾಕ್ಷಿಯ ಸರವೋ ಕೊರಳನ್ನು ಬಿಗಿಯುತ್ತಿದ್ದರೆ ಏನು ಮಾಡಬೇಕು? ಅಂಗದಿಂದ ಲಿಂಗವನ್ನು ಅಗಲಿಸಬಾರದೆಂಬ ನಿಷ್ಠೆ ದೊಡ್ಡದು. ಆದರೆ ದಾರವೇ ಲಿಂಗವಲ್ಲ. ಅದನ್ನು ಸಡಿಲಿಸಿ ಕರಡಿಗೆಯನ್ನು ಒಂದು ಬದಿಗೆ ಸರಿಸಿರಿ. ಸಡಿಲವಾಗದಿದ್ದರೆ ದಾರವನ್ನು ನಿಸ್ಸಂಶಯವಾಗಿ ಕತ್ತರಿಸಿ, ಎಚ್ಚರವಾಗುವ ತನಕ ಮನೆಯವರು ಕರಡಿಗೆಯನ್ನು ಭಕ್ತಿಯಿಂದ ಕೈಯಲ್ಲಿ ಹಿಡಿದಿರಲಿ. ಪ್ರಾಣವನ್ನೇ ಲಿಂಗವೆಂದು ಕಂಡ ಧರ್ಮದಲ್ಲಿ ಪ್ರಾಣರಕ್ಷಣೆಯು ಲಿಂಗಸೇವೆಗೆ ಹೊರತಾದುದಲ್ಲ.

ವಿಭೂತಿಯನ್ನು ಹಣೆಗೆ ಧರಿಸಬಹುದು. ಮೂಗಿಗೂ ಬಾಯಿಗೂ ತೂರಲಾಗದು. ಪಾದೋದಕವನ್ನಾಗಲಿ, ನೀರನ್ನಾಗಲಿ, ಔಷಧದ ಗುಳಿಗೆಯನ್ನಾಗಲಿ ಅರಿವಿಲ್ಲದವನ ಬಾಯಿಗೆ ಹಾಕಲೇ ಕೂಡದು. ನುಂಗುವ ಶಕ್ತಿಯಿಲ್ಲದಾಗ ಅದು ಶ್ವಾಸನಾಳಕ್ಕೆ ಇಳಿದು ಮೃತ್ಯುವಿಗೆ ಕಾರಣವಾದೀತು. ಪಾದೋದಕ ಪ್ರಸಾದಗಳು ಅರಿತು ಸ್ವೀಕರಿಸತಕ್ಕವು. ಅರಿವೇ ಇಲ್ಲದಿರುವಲ್ಲಿ ಸ್ವೀಕಾರವೆಲ್ಲಿಯದು? ಎಚ್ಚತ್ತು ಕುಳಿತು, ತಾನೇ ಕೈಯೊಡ್ಡಿದ ಮೇಲೆ ಕೊಟ್ಟರೆ ಅದಕ್ಕೆ ಕುಂದಿಲ್ಲ. ಮಂತ್ರವನ್ನು ಮಾತ್ರ ಎಷ್ಟಾದರೂ ಮೆಲುದನಿಯಲ್ಲಿ ಹೇಳಿರಿ; ಅದರಿಂದ ಹತ್ತಿರವಿದ್ದವರ ಗಾಬರಿಯಾದರೂ ಅಡಗುವುದು.

ಮೂರ್ಛೆ ತಿಳಿದ ಮಾತ್ರಕ್ಕೆ ಕರ್ತವ್ಯವು ಮುಗಿಯದು. ಬರೆ ಹಾಕಿಸುವುದು, ಬಡಿಯುವುದು ಇವೆಲ್ಲ ರೋಗಿಗೆ ಹಿಂಸೆಯೇ ಹೊರತು ಚಿಕಿತ್ಸೆಯಲ್ಲ. ತಕ್ಕ ಔಷಧದಿಂದ ನೂರಕ್ಕೆ ಎಪ್ಪತ್ತು ಜನರವರೆಗೂ ಮೂರ್ಛೆಯಿಲ್ಲದೆ ಬಾಳಬಲ್ಲರು. ಗುಣವಾಯಿತೆಂದು ವೈದ್ಯರನ್ನು ಕೇಳದೆ ಗುಳಿಗೆಯನ್ನು ನಿಲ್ಲಿಸುವುದೇ ಅನೇಕರಲ್ಲಿ ರೋಗವು ಮರುಕಳಿಸಲು ಕಾರಣ. ನಿದ್ದೆಗೆಡುವುದೂ ಕೇಡು, ಜಾಗರಣೆಯ ವ್ರತವನ್ನು ಇಂಥವರಿಗೆ ವಿಧಿಸಬೇಡಿರಿ. ತಲೆಯ ಮೇಲೆ ಬಿಸಿನೀರು ಸುರಿದುಕೊಳ್ಳುವಾಗ ಬರುವ ಮೂರ್ಛೆಯೊಂದು ಕರ್ನಾಟಕದಲ್ಲಿ ಉಂಟು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಅದನ್ನು ವಿಶೇಷವಾಗಿ ಅಭ್ಯಸಿಸಿದ್ದಾರೆ. ಅಂಥವರು ಉಗುರುಬೆಚ್ಚಗಿನ ನೀರಿನಲ್ಲಿ ಮೀಯಬೇಕು. ಬಾವಿಯ ದಂಡೆಯಲ್ಲಿ, ಒಲೆಯ ಮುಂದೆ ರೋಗಿಯನ್ನು ಒಬ್ಬಂಟಿಯಾಗಿ ಬಿಡಬಾರದು.

ಮೂರ್ಛೆಯುಳ್ಳ ಹೆಣ್ಣುಮಗಳನ್ನು ಮನೆಯ ಮೂಲೆಯಲ್ಲಿ ಬಚ್ಚಿಡುವ ರೂಢಿಯೂ ಅಳಿಯಬೇಕು. ಹಿಂದೂ ವಿವಾಹ ಕಾಯಿದೆಯಲ್ಲಿದ್ದ ಮೂರ್ಛೆರೋಗದ ಅಡ್ಡಿಯನ್ನು 1999ರಲ್ಲಿ ಶಾಸನವೇ ತೆಗೆದುಹಾಕಿತು. ಕಾಯಿದೆ ಬಿಟ್ಟುಕೊಟ್ಟುದನ್ನು ನಮ್ಮ ಮನಸ್ಸು ಇನ್ನೂ ಹಿಡಿದುಕೊಂಡಿರುವುದು ತರವಲ್ಲ. ರೋಗವನ್ನು ಮರೆಮಾಡದೆ ತಿಳಿಸಿ ಮದುವೆ ಮಾಡಲಿ. ಮಗುವು ಶಾಲೆಗೆ ಹೋಗಲಿ. ಬೆಂಕಿ, ನೀರು, ಯಂತ್ರಗಳ ಅಪಾಯವಿಲ್ಲದ ಕಾಯಕವನ್ನು ಪ್ರಾಯದವನು ಕೈಗೊಳ್ಳಲಿ.

ವಚನಗಳ ಹಸ್ತಪ್ರತಿಗಳನ್ನು ಕೂಡಿಸಿ, 1926ರಿಂದ ಶಿವಾನುಭವ ಪತ್ರಿಕೆಯ ಮೂಲಕ ನಾಡಿಗೆ ಹಂಚಿದ ಫ. ಗು. ಹಳಕಟ್ಟಿಯವರ ಕರ್ಮಭೂಮಿ ಈ ವಿಜಯಪುರ. ಇಲ್ಲಿಯ ಮನೆಗಳಲ್ಲಿ ವಚನಗಳ ಪಠಣಕ್ಕೆ ಕೊರತೆಯಿಲ್ಲ. ಬೀದಿಯಲ್ಲಿ ಬಿದ್ದವನ ತಲೆಯ ಕೆಳಗೆ ನಮ್ಮ ಹೆಗಲ ವಸ್ತ್ರವನ್ನು ಮಡಿಸಿಟ್ಟು, ಅವನ ಅರಿವು ಮರಳುವವರೆಗೆ ಕಾದು ಕುಳಿತಾಗ ಆ ಪಠಣವು ಆಚರಣೆಗೆ ಬಂದಂತಾಗುವುದು. ಈ ಮಾತನ್ನು ಮನೆಯ ಮಕ್ಕಳಿಗೂ ಹೊಲದ ಆಳುಗಳಿಗೂ ತಿಳಿಸಿಕೊಡಿರಿ.