ದೇಶ ಸುತ್ತು, ಕೋಶ ಓದು

ಪ್ರವಾಸ ಹೊರಟವರಿಗೂ ಈ ಗಾದೆ ಹೇಳುತ್ತೇವೆ, ಪುಸ್ತಕ ಹಿಡಿದು ಕೂತವರಿಗೂ ಹೇಳುತ್ತೇವೆ. ಹೇಳಿ ಹೇಳಿ ಅದು ಸವೆದಿದೆ. ಹೊಸದಾಗಿ ಕಂಪನಿ ಕಟ್ಟಲು ಹೊರಟ ಹುಡುಗರು ನನ್ನನ್ನು ಆಗಾಗ ಕೇಳುವುದುಂಟು: ಮೂವತ್ತು, ಐವತ್ತು ವರ್ಷದ ಹಿಂದಿನ ವ್ಯಾಪಾರ ತಂತ್ರದ ಪುಸ್ತಕ ಈಗ ಯಾಕೆ ಓದಬೇಕು? ಉತ್ತರ ಹುಡುಕುತ್ತ ನಾನು ಈ ಗಾದೆಗೇ ಮರಳುತ್ತೇನೆ.

ಕೋಶ ಎಂದರೆ ಪುಸ್ತಕ. ಕೋಶ ಎಂದರೆ ಬೊಕ್ಕಸವೂ ಹೌದು. ಕೌಟಿಲ್ಯನ ಅರ್ಥಶಾಸ್ತ್ರ ರಾಜ್ಯದ ಏಳು ಅಂಗಗಳನ್ನು ಹೇಳುವಾಗ ಕೋಶಕ್ಕೆ ಐದನೆಯ ಜಾಗ ಕೊಡುತ್ತದೆ. ಆ ಗ್ರಂಥ ನಮಗೆ ಮತ್ತೆ ದಕ್ಕಿದ್ದು ಮೈಸೂರಿನಲ್ಲಿ. 1905ರಲ್ಲಿ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಅಧಿಕಾರಿಗಳು ಖಜಾನೆಯ ಹಣ ನುಂಗುವ ನಲವತ್ತು ಬಗೆಗಳನ್ನು ಅದು ಎಣಿಸಿ ಹೇಳುತ್ತದೆ. ಗುಮಾಸ್ತರ ಮೇಜು, ತೂಕದ ಕಟ್ಟೆ, ಉಗ್ರಾಣ ಎಲ್ಲವನ್ನೂ ಕಣ್ಣಾರೆ ಕಂಡವರು ಮಾತ್ರ ಕೊಡಬಲ್ಲ ಲೆಕ್ಕ ಅದು. ಇಂದಿನ ಲೆಕ್ಕಪರಿಶೋಧಕರು ಆ ಪಟ್ಟಿ ಓದಿದರೆ ಅದರಲ್ಲಿ ಅರ್ಧದಷ್ಟನ್ನು ತಾವೇ ಹಿಡಿದಿರುತ್ತಾರೆ.

ಗಾದೆಯಲ್ಲಿ ಸುತ್ತುವುದು ಮೊದಲು, ಓದುವುದು ಆಮೇಲೆ. ಈ ಕ್ರಮ ಓದುಗನಿಗೆ ಮಾತ್ರವಲ್ಲ, ಬರೆಯುವವನಿಗೂ ಸಲ್ಲುತ್ತದೆ ಎಂದು ನನಗೆ ಹೊಳೆದದ್ದು ನಿರ್ವಹಣೆಯ ಬಗ್ಗೆ ಬರೆದ ಪೀಟರ್ ಡ್ರಕರ್‌ನಿಂದ. ಎರಡನೆಯ ಮಹಾಯುದ್ಧದ ನಡುವೆ ಆತ ಜನರಲ್ ಮೋಟರ್ಸ್ ಕಂಪನಿಯ ಒಳಹೊಕ್ಕು, ವಿಭಾಗದಿಂದ ವಿಭಾಗಕ್ಕೆ ಓಡಾಡಿ, ಕಂಡದ್ದನ್ನು 1946ರಲ್ಲಿ ಪುಸ್ತಕವಾಗಿಸಿದ. ಕಂಪನಿಯ ಹಿರಿಯರಿಗೆ ಅದು ಹಿಡಿಸಲಿಲ್ಲ. 2009ರಲ್ಲಿ ಆ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಆದರೆ ಕೇಂದ್ರ ಕಚೇರಿ ಎಷ್ಟು ತೀರ್ಮಾನಿಸಬೇಕು, ಎಷ್ಟನ್ನು ಕೆಳಗಿನವರಿಗೆ ಬಿಡಬೇಕು ಎಂದು ಡ್ರಕರ್ ಕೇಳಿದ ಪ್ರಶ್ನೆ ಎರಡನೆಯ ಅಂಗಡಿ ತೆರೆದ ಪ್ರತಿ ಹೋಟೆಲ್ ಮಾಲೀಕರಿಗೂ ಎದುರಾಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಕ್ಲೇಟನ್ ಕ್ರಿಸ್ಟೆನ್ಸನ್ 1997ರಲ್ಲಿ ಬರೆದ ಪುಸ್ತಕ, ಅದರಲ್ಲೂ ಅಮೆರಿಕದ ಉಕ್ಕಿನ ಕತೆ. ಅದಿರು ಕರಗಿಸುವ ದೊಡ್ಡ ಕಾರ್ಖಾನೆಗಳು ಒಂದು ಕಡೆ. ಗುಜರಿ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕಾಯಿಸುವ ಮಿನಿ ಮಿಲ್‌ಗಳು ಇನ್ನೊಂದು ಕಡೆ. ಮಿನಿ ಮಿಲ್‌ನ ಉಕ್ಕು ಮೊದಮೊದಲು ಒರಟು, ಕಾಂಕ್ರೀಟಿನೊಳಗೆ ಹೂತುಹೋಗುವ ಕಂಬಿಗಷ್ಟೇ ಸರಿ. ಕಂಬಿಯಲ್ಲಿ ಉಳಿಯುವುದು ತೀರಾ ಕಡಿಮೆ, ಹಾಗಾಗಿ ದೊಡ್ಡವರು ಖುಷಿಯಿಂದಲೇ ಅದನ್ನು ಬಿಟ್ಟುಕೊಟ್ಟರು. ಕಂಬಿ ಬಿಟ್ಟ ಮೇಲೆ ಅವರ ಲಾಭದ ಪ್ರಮಾಣ ಏರಿತು! ಸಣ್ಣವರು ಕಂಬಿಯಿಂದ ಆ್ಯಂಗಲ್‌ಗೆ ಬಂದರು, ಅಲ್ಲಿಂದ ಬೀಮ್‌ಗೆ ಏರಿದರು. ದೊಡ್ಡವರು ಪ್ರತಿ ಸಲವೂ ಒಂದು ಮೆಟ್ಟಿಲು ಮೇಲೆ ಸರಿದರು. 1989ರಲ್ಲಿ ನ್ಯೂಕೋರ್ ಎಂಬ ಮಿನಿ ಮಿಲ್ ಕಂಪನಿ ಇಂಡಿಯಾನಾದ ಕ್ರಾಫರ್ಡ್ಸ್‌ವಿಲ್‌ನಲ್ಲಿ ತಗಡನ್ನೂ ಎಳೆಯತೊಡಗಿತು. ಇಲ್ಲಿ ದಡ್ಡತನ, ಸೋಮಾರಿತನ ಯಾರದ್ದೂ ಇಲ್ಲ. ಪ್ರತಿ ಹೆಜ್ಜೆಯಲ್ಲೂ ಲೆಕ್ಕ ಸರಿಯಾಗಿಯೇ ಇತ್ತು, ಸರಿಯಾದ ಲೆಕ್ಕವೇ ಅವರನ್ನು ಮುಳುಗಿಸಿತು.

ಇದನ್ನು ಓದುವ ಮುಂಚೆಯೇ ನಾನು ಕಂಡಿದ್ದೆ, ಕಂಡದ್ದೇನೆಂದು ತಿಳಿದಿರಲಿಲ್ಲ. ನಮ್ಮ ಬೀದಿಯ ದಿನಸಿ ಅಂಗಡಿಯವರು ಒಂದು ದಿನ ಹಾಲು ತರಿಸುವುದು ನಿಲ್ಲಿಸಿದರು. ಪ್ಯಾಕೆಟ್ಟಿಗೆ ಸಿಗುವ ಕಮಿಷನ್ ಪುಡಿಗಾಸು, ಬೆಳಗಿನ ಐದಕ್ಕೇ ಷಟರ್ ಎತ್ತಬೇಕು, ಒಡೆದ ಪ್ಯಾಕೆಟ್ಟಿನ ನಷ್ಟ ಅವರ ತಲೆಗೇ. “ಬಿಡಿ ಸಾರ್, ಅಕ್ಕಿ ಮೂಟೇಲಿ ಉಳಿಯೋದು ಇದ್ರಲ್ಲಿ ಎಲ್ಲಿ ಉಳಿಯುತ್ತೆ” ಎಂದರು. ನಾನೂ ತಲೆಯಾಡಿಸಿದೆ. ಮೂಲೆಯ ಹೊಂಗೆ ಮರದ ಕೆಳಗೆ ಒಬ್ಬ ಹುಡುಗ ನಾಲ್ಕು ಕ್ರೇಟ್ ಇಟ್ಟುಕೊಂಡು ಕೂತ. ಕೆಲವೇ ದಿನಗಳಲ್ಲಿ ಹಾಲಿನ ಪಕ್ಕ ಬ್ರೆಡ್ಡು, ಮೊಟ್ಟೆ, ಒದ್ದೆ ಗೋಣಿ ಹೊದಿಸಿದ ಕೊತ್ತಂಬರಿ ಕಟ್ಟು ಬಂದವು. ಆಮೇಲೆ ಕಾಫಿ ಪುಡಿ, ಸಕ್ಕರೆ. ಈಗ ಅವನದ್ದೇ ಒಂದು ಮಳಿಗೆ ಇದೆ. ಅಕ್ಕಿ ಮೂಟೆಗಳು ಬಾಗಿಲವರೆಗೂ ನಿಂತಿವೆ. ಬೀದಿ ನೋಡಿದ್ದರಿಂದ ಪುಸ್ತಕ ಅರ್ಥವಾಯಿತೋ, ಪುಸ್ತಕ ಓದಿದ್ದರಿಂದ ಬೀದಿ ಅರ್ಥವಾಯಿತೋ ಹೇಳಲಾರೆ. ಗಾದೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಸುಮ್ಮನೆ ಅಲ್ಲ.

ಹಾಗೆಂದು ಪುಸ್ತಕ ಹೊಗಳಿದ ಕಂಪನಿಯನ್ನೇ ಕುರುಡಾಗಿ ಅನುಸರಿಸುವುದು ಓದಲ್ಲ. 1982ರಲ್ಲಿ ಪೀಟರ್ಸ್ ಮತ್ತು ವಾಟರ್‌ಮನ್ ತಮ್ಮ ಪುಸ್ತಕದಲ್ಲಿ ಶ್ರೇಷ್ಠವೆಂದು ಆರಿಸಿದ ಕಂಪನಿಗಳಲ್ಲಿ ಹಲವು ಎರಡೇ ವರ್ಷದಲ್ಲಿ ಮುಗ್ಗರಿಸಿದವು. ಪುಸ್ತಕದ ಹೆಸರುಗಳು ಹಳಸುತ್ತವೆ. ಒಬ್ಬರು ಹೇಗೆ ನೋಡಿದರು, ಯಾವ ಪ್ರಶ್ನೆ ಕೇಳಿದರು ಎಂಬುದನ್ನು ಮಾತ್ರ ನಾವು ಜೊತೆಗೆ ಒಯ್ಯಬಹುದು.

ಇನ್ನು ಉಳಿದದ್ದು ‘ಸುತ್ತು’ ಎಂಬ ಮಾತು. ಗಾದೆ ದೇಶಕ್ಕೆ ಹೋಗು ಎನ್ನುವುದಿಲ್ಲ, ಸುತ್ತು ಎನ್ನುತ್ತದೆ. ಸುತ್ತಿದವನು ಹೊರಟ ಜಾಗಕ್ಕೇ ಬಂದು ನಿಲ್ಲುತ್ತಾನೆ, ದೇವಸ್ಥಾನದ ಪ್ರದಕ್ಷಿಣೆಯ ಹಾಗೆ. ಇಂಟೆಲ್‌ನ ಆಂಡಿ ಗ್ರೋವ್ 1996ರ ತನ್ನ ಪುಸ್ತಕದಲ್ಲಿ ಹೇಳಿಕೊಂಡ ಒಂದು ಪ್ರಸಂಗ ನನಗೆ ಈ ಮಾತಿನ ವ್ಯಾಖ್ಯಾನವಾಗಿಯೇ ಕಾಣುತ್ತದೆ. 1985. ಮೆಮೊರಿ ಚಿಪ್‌ನಿಂದ ಹೆಸರು ಮಾಡಿದ ಕಂಪನಿ ಜಪಾನಿನವರ ಪೈಪೋಟಿಗೆ ಸಿಕ್ಕು ಆ ಚಿಪ್‌ನಲ್ಲೇ ಹಣ ಕಳೆದುಕೊಳ್ಳುತ್ತಿತ್ತು. ನಮ್ಮನ್ನು ಕಿತ್ತುಹಾಕಿ ಬೇರೆಯವರನ್ನು ಕೂರಿಸಿದರೆ ಅವರು ಏನು ಮಾಡಿಯಾರು ಎಂದು ಗ್ರೋವ್ ತನ್ನ ಹಿರಿಯ ಗಾರ್ಡನ್ ಮೂರ್ ಅವರನ್ನು ಕೇಳಿದ. ಮೆಮೊರಿಯನ್ನು ಕೈಬಿಡುತ್ತಾರೆ ಎಂದರು ಮೂರ್. ಹಾಗಿದ್ದರೆ ನಾವೇ ಬಾಗಿಲು ದಾಟಿ ಹೊರಗೆ ಹೋಗಿ, ಮತ್ತೆ ಒಳಗೆ ಬಂದು, ಆ ಕೆಲಸ ಮಾಡಬಾರದೇಕೆ ಎಂದ ಗ್ರೋವ್.

ಒಂದು ಬಾಗಿಲಿನ ಸುತ್ತು, ಅಷ್ಟೇ. ಅದಾದ ಮೇಲೆ ಕಾರ್ಖಾನೆಗಳು ಮುಚ್ಚಿದವು, ಸಾವಿರಾರು ಜನ ಕೆಲಸ ಕಳೆದುಕೊಂಡರು, ಕಂಪನಿ ಮೈಕ್ರೊಪ್ರೊಸೆಸರ್ ಕಡೆಗೆ ಹೊರಳಿತು. ಆ ಪುಟಗಳನ್ನು ನಾನು ಮತ್ತೆ ಮತ್ತೆ ತೆರೆಯುತ್ತೇನೆ. ತನ್ನ ಕೈಯಾರೆ ಬೆಳೆಸಿದ್ದನ್ನು ಬಿಡಬೇಕೆಂದು ಹೇಳಲು ಹೊರಟಾಗ ತನಗೇ ಮಾತು ಹೊರಡುತ್ತಿರಲಿಲ್ಲ ಎಂದು ಗ್ರೋವ್ ಅಲ್ಲಿ ಒಪ್ಪಿಕೊಂಡಿದ್ದಾನೆ.