ಅಂಕಪಟ್ಟಿ ಮತ್ತು ತಕ್ಕಡಿ

ನಮಗೆ ಪರಿಚಿತರಾದ ಸಹೋದರಿಯೊಬ್ಬರು ತಮ್ಮ ನಲ್ವತ್ತೊಂದನೆಯ ವಯಸ್ಸಿನಲ್ಲಿ ಬಿ.ಎ. ಪದವಿ ಮುಗಿಸಿದರು. ಪಿಯುಸಿ ಪಾಸಾದ ವರ್ಷವೇ ಅವರ ವಿವಾಹವಾಗಿತ್ತು. ಮೂವರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಬಿಡುವಿನಲ್ಲಿ ಬೀಡಿ ಸುತ್ತುವ ಕೆಲಸ. ಹೀಗೆ ಇಪ್ಪತ್ತು ವರ್ಷಗಳು ಸರಿದವು. ಕಿರಿಯ ಮಗಳು ಹೈಸ್ಕೂಲು ಸೇರಿದ ಮೇಲೆ ಅವರು ದೂರಶಿಕ್ಷಣಕ್ಕೆ ಹೆಸರು ನೋಂದಾಯಿಸಿದರು. ಇಶಾ ನಮಾಝಿನ ಬಳಿಕ ಮನೆಮಂದಿಯೆಲ್ಲ ಮಲಗಿದಾಗ ಅಡಿಗೆ ಕೋಣೆಯ ದೀಪದ ಕೆಳಗೆ ಕುಳಿತು ಓದಿದರು. ಊರಿನ ಶಾಲೆಯೊಂದರಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಿದ್ದ ಅವರಿಗೆ ಬಿ.ಎಡ್. ಮಾಡಿ ಹೈಸ್ಕೂಲು ಶಿಕ್ಷಕಿಯಾಗಬೇಕೆಂಬ ಆಸೆಯಿತ್ತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರಲ್ಲಿ ಮಾಡಿದ ನಿಯಮದಂತೆ ಅದಕ್ಕೆ ಪದವಿಯಲ್ಲಿ ಅಥವಾ ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 50 ಅಂಕ ಬೇಕಿತ್ತು. ಅವರ ಪದವಿಯ ಒಟ್ಟು ಅಂಕ 1800. ಬೇಕಾದದ್ದು 900. ಬಂದದ್ದು 893.

ಅಂಕಪಟ್ಟಿ ಕೈಗೆ ಬಂದ ದಿನ ಮನೆಯಲ್ಲಿ ಮೂರು ಬಗೆಯ ಮಾತುಗಳು ಕೇಳಿಬಂದವು. "ಇದು ಅಲ್ಲಾಹನ ತೀರ್ಮಾನ, ಸಬ್ರ್ ಮಾಡು" ಎಂದರು ಪತಿ. "ಹೆಸರು ನೋಡಿ ಅಂಕ ಕಡಿಮೆ ಕೊಟ್ಟಿದ್ದಾರೆ" ಎಂದ ಮಗ. "ವಿಶ್ವವಿದ್ಯಾನಿಲಯದಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ ನೋಡೋಣ, ಸ್ವಲ್ಪ ಖರ್ಚಾದರೂ ಪರವಾಗಿಲ್ಲ" ಎಂದರು ಅಣ್ಣ. ಆಕೆ ಇದಾವುದನ್ನೂ ಒಪ್ಪದೆ ನಮ್ಮಲ್ಲಿ ಕೇಳಿದ ಪ್ರಶ್ನೆ ಇಷ್ಟೇ: "ನಾನು ಅರ್ಜಿ ಹಾಕಬಹುದೇ? ಹಾಕಿದರೆ ಅದು ಅಲ್ಲಾಹನ ವಿಧಿಯ ಮೇಲಿನ ಅತೃಪ್ತಿಯಾಗುವುದಿಲ್ಲವೇ?"

ಈ ಮೂರೂ ಮಾತುಗಳು ನಮ್ಮ ಮನೆಗಳಲ್ಲಿ ದಿನನಿತ್ಯ ಕೇಳಿಬರುವಂತಹವೇ ಆದ್ದರಿಂದ ಅವುಗಳನ್ನು ಒಂದೊಂದಾಗಿ ಪರಿಶೀಲಿಸುವುದು ಒಳ್ಳೆಯದು.

ಸಹನೆಯೆಂದರೆ ಮೌನವೇ?

ಮೊದಲನೆಯದು ಸಬ್ರ್‌ನ ಪ್ರಶ್ನೆ. ಅನ್ಯಾಯವನ್ನೋ ತಪ್ಪನ್ನೋ ಕಂಡು ಬಾಯಿ ಮುಚ್ಚಿ ಕುಳಿತುಕೊಳ್ಳುವುದೇ ಸಹನೆ ಎಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಮುಖ್ಯವಾಗಿ ಸ್ತ್ರೀಯರ ವಿಷಯದಲ್ಲಿ ಈ ಭಾವನೆ ಬಲವಾಗಿದೆ. ಆದರೆ ಪವಿತ್ರ ಕುರ್‌ಆನಿನ 58ನೆಯ ಅಧ್ಯಾಯದ ಹೆಸರನ್ನೇ ನೋಡಿರಿ: ಅಲ್ ಮುಜಾದಿಲ, ಎಂದರೆ ವಾದಿಸಿದವಳು. ಹಝ್ರತ್ ಖೌಲಾ ಬಿಂತಿ ಸಅ್‌ಲಬಾ(ರ) ಅವರ ಪತಿ ಸಿಟ್ಟಿನಲ್ಲಿ, ಅಜ್ಞಾನ ಕಾಲದ ಪದ್ಧತಿಯಂತೆ, "ನೀನು ನನಗೆ ತಾಯಿಯ ಬೆನ್ನಿನಂತೆ" ಎಂದು ಹೇಳಿ ದಾಂಪತ್ಯವನ್ನು ಮುರಿದರು. ಆಕೆ ನೇರವಾಗಿ ಪ್ರವಾದಿ(ಸ)ರ ಬಳಿಗೆ ಬಂದು ಅಹವಾಲು ಹೇಳಿಕೊಂಡರು. ತಕ್ಷಣ ಪರಿಹಾರ ಸಿಗಲಿಲ್ಲ. ಆಕೆ ಹಿಂದೆ ಸರಿಯದೆ ಮತ್ತೆ ಮತ್ತೆ ವಿನಂತಿಸಿದರು, ಅಲ್ಲಾಹನಲ್ಲಿಯೂ ಮೊರೆಯಿಟ್ಟರು. ಅದೇ ಮನೆಯ ಮೂಲೆಯಲ್ಲಿದ್ದ ಹಝ್ರತ್ ಆಯಿಶಾ(ರ)ರಿಗೆ ಆ ಮಾತಿನಲ್ಲಿ ಕೆಲವು ಕೇಳಿಸಿರಲಿಲ್ಲ. ಏಳು ಆಕಾಶಗಳ ಮೇಲಿರುವ ಅಲ್ಲಾಹನು ಅದನ್ನು ಆಲಿಸಿದನು, ಆಕೆಯ ಪರವಾಗಿ ಆದೇಶವನ್ನೂ ಅವತೀರ್ಣಗೊಳಿಸಿದನು. ಮರುವಿಚಾರಣೆ ಕೇಳುವುದು ಅವಿಧೇಯತೆಯಾಗಿದ್ದರೆ ಒಂದು ಅಧ್ಯಾಯಕ್ಕೆ ಆ ಹೆಸರು ಬರುತ್ತಿರಲಿಲ್ಲ.

ಒಂಟೆಯನ್ನು ಕಟ್ಟಿ ಹಾಕು, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡು ಎಂದು ಪ್ರವಾದಿವರ್ಯರು(ಸ) ಓರ್ವ ಹಳ್ಳಿಗನಿಗೆ ಕಲಿಸಿದ ಪಾಠ ನಮಗೆಲ್ಲ ಬಾಯಿಪಾಠವಾಗಿದೆ. ಅರ್ಜಿ ಹಾಕುವುದು ಒಂಟೆಯನ್ನು ಕಟ್ಟುವ ಕೆಲಸ. ಫಲಿತಾಂಶವನ್ನು ಒಪ್ಪಿಕೊಳ್ಳುವುದು ತವಕ್ಕುಲ್. ಮೊದಲನೆಯದನ್ನು ಮಾಡದೆ ಎರಡನೆಯದರ ಹೆಸರು ಹೇಳುವವನು ತನ್ನ ಸೋಮಾರಿತನಕ್ಕೆ ಧರ್ಮದ ಉಡುಗೆ ತೊಡಿಸುತ್ತಾನೆ.

ಸಂದೇಹ ಮತ್ತು ಶಿಫಾರಸು

ಎರಡನೆಯದು ಮಗನ ಮಾತು. ವಿಶ್ವವಿದ್ಯಾನಿಲಯದ ಉತ್ತರ ಪತ್ರಿಕೆಯಲ್ಲಿ ಇರುವುದು ನೋಂದಣಿ ಸಂಖ್ಯೆ, ವಿದ್ಯಾರ್ಥಿಯ ಹೆಸರಲ್ಲ. ತಿದ್ದಿದವರು ಯಾರು, ಯಾವ ಮನಸ್ಸಿನವರು ಎಂಬುದು ನಮಗೆ ತಿಳಿಯದು. ನಮ್ಮ ಸಮುದಾಯಕ್ಕೆ ಅನ್ಯಾಯವಾಗುವುದೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಆದರೆ ಪುರಾವೆಯಿಲ್ಲದೆ ಕಾಣದ ವ್ಯಕ್ತಿಯೊಬ್ಬರ ಮೇಲೆ ದ್ವೇಷದ ಆರೋಪ ಹೊರಿಸುವುದೂ ಅನ್ಯಾಯವೇ. ಅತಿಯಾದ ಗುಮಾನಿಗಳಿಂದ ದೂರವಿರಬೇಕೆಂದೂ ಕೆಲವು ಗುಮಾನಿಗಳು ಪಾಪವೆಂದೂ ಅಲ್ ಹುಜುರಾತ್ ಅಧ್ಯಾಯವು ಎಚ್ಚರಿಸುತ್ತದೆ. ಪ್ರಾಮಾಣಿಕವಾಗಿ ಚಿಂತಿಸಿ ತೀರ್ಪು ನೀಡಿದ ನ್ಯಾಯಾಧೀಶನು ತಪ್ಪಿದರೂ ಅವನಿಗೆ ಒಂದು ಪ್ರತಿಫಲವಿದೆ, ಸರಿಯಾಗಿದ್ದರೆ ಎರಡು ಎಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಒಂದು ಪ್ರಬಂಧಕ್ಕೆ ಒಬ್ಬರು 9 ಕೊಡಬಹುದು, ಇನ್ನೊಬ್ಬರು 11 ಕೊಡಬಹುದು. ಇದು ಅಭಿಪ್ರಾಯದ ವ್ಯತ್ಯಾಸ. ಬರೆದ ಉತ್ತರವನ್ನು ಓದದೇ ಬಿಡುವುದು, ಕೂಡಿಸುವಾಗ ತಪ್ಪುವುದು ಬೇರೆಯೇ ವಿಷಯ. ಅರ್ಜಿ ಹಾಕುವವರು ಮೊದಲು ಈ ಎರಡನ್ನು ಬೇರ್ಪಡಿಸಿಕೊಳ್ಳಬೇಕು.

ಮೂರನೆಯದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲಂಚ ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ)ರು ಶಪಿಸಿದ್ದಾರೆ. ಲಂಚದಿಂದ ಪಡೆದ ಅಂಕಪಟ್ಟಿಯನ್ನು ಗೋಡೆಗೆ ತೂಗುಹಾಕಿ, ಅದರ ಕೆಳಗೆ ಮಕ್ಕಳಿಗೆ ಯಾವ ಪಾಠ ಹೇಳಲು ಸಾಧ್ಯ?

ಕಾನೂನು ತೆರೆದ ಬಾಗಿಲು

ಸಹೋದರಿಗೆ ನೇರವಾದ ದಾರಿಯೊಂದಿತ್ತು. ಪರೀಕ್ಷೆ ಬರೆದವರು ತಮ್ಮ ತಿದ್ದಿದ ಉತ್ತರ ಪತ್ರಿಕೆಯನ್ನು ನೋಡುವ, ಅದರ ನಕಲು ಪಡೆಯುವ ಹಕ್ಕು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಇದೆಯೆಂದು ಸುಪ್ರೀಂ ಕೋರ್ಟು 2011ರ ಆಗಸ್ಟ್‌ನಲ್ಲಿ ತೀರ್ಪು ನೀಡಿದೆ. ತಿದ್ದಿದವರ ಹೆಸರನ್ನು ಮಾತ್ರ ತಿಳಿಸಬೇಕಾಗಿಲ್ಲ. ಉತ್ತರ ಪತ್ರಿಕೆಗಳನ್ನು ನಿಗದಿತ ಅವಧಿಯವರೆಗೆ ಮಾತ್ರ ಕಾದಿರಿಸುವುದರಿಂದ ಕೇಳುವವರು ತಡಮಾಡಬಾರದು. ಇನ್ನು ಮರು ಮೌಲ್ಯಮಾಪನವು ಆಯಾ ಸಂಸ್ಥೆಯ ನಿಯಮದಲ್ಲಿ ಇದ್ದರೆ ಮಾತ್ರ ಸಿಗುತ್ತದೆ. ನಿಯಮವಿಲ್ಲದ ಕಡೆ ಅದನ್ನು ಹಕ್ಕಾಗಿ ಕೇಳಲಾಗದು ಎಂಬುದು ಅದೇ ನ್ಯಾಯಾಲಯದ 1984ರ ತೀರ್ಪು. ಆಕೆ ಓದಿದ ಕಡೆ ನಿಯಮವಿತ್ತು. ಹಾಗಾಗಿ ಆಕೆ ಶುಲ್ಕ ಕಟ್ಟಿ, ಅತಿ ಕಡಿಮೆ ಅಂಕ ಬಂದಿದ್ದ ಇತಿಹಾಸ ಪತ್ರಿಕೆಯ ನಕಲು ತರಿಸಿಕೊಂಡರು.

ನಿಜವಾದ ಪರೀಕ್ಷೆ ಆರಂಭವಾದದ್ದು ಆಗಲೇ.

ನಕಲಿನಲ್ಲಿ ಕಂಡದ್ದು

ಹೆಚ್ಚುವರಿ ಹಾಳೆಯಲ್ಲಿ ಬರೆದಿದ್ದ 15 ಅಂಕಗಳ ಒಂದು ಉತ್ತರವನ್ನು ತಿದ್ದಿರಲೇ ಇಲ್ಲ. ಕೆಂಪು ಶಾಯಿಯ ಗುರುತೇ ಅಲ್ಲಿರಲಿಲ್ಲ. ಮನೆಯಲ್ಲಿ ಸಂತೋಷ ಉಕ್ಕಿತು. ಆ ಉತ್ತರಕ್ಕೆ 7 ಅಂಕ ಸಿಕ್ಕರೂ ಸಾಕು, 900 ತುಂಬುತ್ತದೆ. ಆದರೆ ಆಕೆ ಮುಖಪುಟದ ಪಟ್ಟಿಯನ್ನು ಮತ್ತೊಮ್ಮೆ ನೋಡಿದರು. ನಾಲ್ಕನೆಯ ಪ್ರಶ್ನೆಗೆ 8 ಅಂಕ. ಐದನೆಯದಕ್ಕೂ 8. ಐದನೆಯ ಪ್ರಶ್ನೆಗೆ ಆಕೆ ಉತ್ತರವನ್ನೇ ಬರೆದಿರಲಿಲ್ಲ. ಒಂದೇ ಉತ್ತರದ ಅಂಕ ಕೈತಪ್ಪಿ ಎರಡು ಕಡೆ ದಾಖಲಾಗಿತ್ತು.

ಈ 8 ಅಂಕಗಳನ್ನು ಕಳೆದರೆ ಉಳಿಯುವುದು 885. ಆಗ 900 ತಲುಪಲು ಬಿಟ್ಟುಹೋದ ಉತ್ತರಕ್ಕೆ 15ಕ್ಕೆ 15 ಸಿಗಬೇಕು. ಇತಿಹಾಸದ ಪ್ರಬಂಧಕ್ಕೆ ಪೂರ್ಣ ಅಂಕ ಕೊಡುವವರು ಯಾರು?

"ಉಮ್ಮಾ, ನೀವು ಸುಳ್ಳು ಹೇಳಬೇಕಾಗಿಲ್ಲ. ಬಿಟ್ಟುಹೋದ ಉತ್ತರದ ಬಗ್ಗೆ ಮಾತ್ರ ಬರೆಯಿರಿ, ಇನ್ನೊಂದನ್ನು ಅವರೇ ಹುಡುಕಲಿ" ಎಂದ ಮಗ. ಆ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮಲ್ಲಿ ಹೆಚ್ಚಿನವರು ಆ ಜಾಗದಲ್ಲಿದ್ದರೆ ಹಾಗೆಯೇ ಮಾಡುತ್ತಿದ್ದರೇನೋ. ತಪ್ಪು ತನ್ನದಲ್ಲ. ತಾನು ಯಾರನ್ನೂ ವಂಚಿಸಿಲ್ಲ. ಬೇರೆ ಉತ್ತರಗಳಿಗೆ ಅಂಕ ಕಡಿಮೆ ಕೊಟ್ಟಿರಲೂಬಹುದು, ಅದಕ್ಕೆ ಇದು ಸರಿಹೋಯಿತು. ಇಪ್ಪತ್ತು ವರ್ಷ ಕಾದವಳಿಗೆ 8 ಅಂಕಗಳ ರಿಯಾಯಿತಿ ಇರಬಾರದೇ?

ಎರಡು ತಟ್ಟೆಗಳು

ಉಮ್ಮು ಸಲಮಾ(ರ) ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಹದೀಸೊಂದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ತಾನೂ ಮನುಷ್ಯನೇ, ವಾದಿಗಳಲ್ಲಿ ಒಬ್ಬನು ಇನ್ನೊಬ್ಬನಿಗಿಂತ ಮಾತಿನಲ್ಲಿ ಚತುರನಾಗಿರಬಹುದು, ತಾನು ಕೇಳಿದ್ದರ ಆಧಾರದಲ್ಲಿಯೇ ತೀರ್ಪು ಕೊಡುತ್ತೇನೆ, ಹಾಗೆ ಯಾರಿಗಾದರೂ ಅವನ ಸಹೋದರನ ಹಕ್ಕನ್ನು ಕೊಟ್ಟುಬಿಟ್ಟರೆ ಅದು ಅವನ ಪಾಲಿಗೆ ನರಕಾಗ್ನಿಯ ಒಂದು ತುಂಡು ಎಂದು ಪ್ರವಾದಿ(ಸ)ರು ಹೇಳಿದರು. ಸ್ವತಃ ಅಲ್ಲಾಹನ ಸಂದೇಶವಾಹಕರ ತೀರ್ಪೇ ನಮ್ಮದಲ್ಲದ ವಸ್ತುವನ್ನು ನಮಗೆ ಹಲಾಲ್ ಮಾಡುವುದಿಲ್ಲವೆಂದಾದರೆ, ದಣಿದ ಕೈಯೊಂದು ತಪ್ಪಾಗಿ ಬರೆದ 8 ಎಂಬ ಅಂಕಿ ಹೇಗೆ ಮಾಡೀತು?

"ಬೇರೆ ಕಡೆ ಕಡಿಮೆ ಕೊಟ್ಟಿರಬಹುದು" ಎಂಬುದು ಊಹೆ. ಐದನೆಯ ಪ್ರಶ್ನೆಯ 8 ಅಂಕ ಕಣ್ಣಿಗೆ ಕಾಣುವ ಸತ್ಯ. ಊಹೆಯಿಂದ ಸತ್ಯದ ಸಾಲ ತೀರುವುದಿಲ್ಲ. ಇನ್ನು, ಇದರಿಂದ ಯಾರಿಗೂ ನಷ್ಟವಿಲ್ಲ ಎಂಬುದೂ ಸರಿಯಲ್ಲ. ಬಿ.ಎಡ್. ಸೀಟುಗಳು ಎಣಿಕೆಯವು. ಅರ್ಹತೆಯಿಲ್ಲದೆ ಒಬ್ಬರು ಒಳಗೆ ಹೋದರೆ ಅರ್ಹರೊಬ್ಬರು ಹೊರಗುಳಿಯುತ್ತಾರೆ. ಆಕೆಯೂ ಯಾವುದೋ ಅಡಿಗೆ ಕೋಣೆಯ ದೀಪದ ಕೆಳಗೆ ಓದಿದ ಇನ್ನೊಬ್ಬ ತಾಯಿಯಾಗಿರಬಹುದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಪ್ರತಿಯೊಬ್ಬರೂ ತಮ್ಮ ಹಳೆಯ ಉತ್ತರ ಪತ್ರಿಕೆಗಳನ್ನು ತರಿಸಿ ಹೆಚ್ಚಿಗೆ ಬಂದ ಅಂಕಗಳನ್ನು ಹುಡುಕಬೇಕೆಂದು ಯಾರೂ ಹೇಳುವುದಿಲ್ಲ. ಇಸ್ಲಾಮ್ ಮನುಷ್ಯನನ್ನು ಅಂತಹ ಸಂಕಟಕ್ಕೆ ದೂಡುವುದಿಲ್ಲ. ಆದರೆ ಈ ಸಹೋದರಿ ತಾನಾಗಿಯೇ ಮುಂದೆ ಬಂದು, "ನನ್ನ ತೂಕದಲ್ಲಿ ತಪ್ಪಾಗಿದೆ, ಸರಿಪಡಿಸಿರಿ" ಎಂದು ಕೇಳಲು ಹೊರಟಿದ್ದರು. ತಕ್ಕಡಿ ಸರಿಯಿಲ್ಲವೆಂದು ದೂರುವವರು ಎರಡು ತಟ್ಟೆಗಳನ್ನೂ ತೋರಿಸಬೇಕು. ಒಂದನ್ನು ಮಾತ್ರ ತೋರಿಸಿ ಇನ್ನೊಂದನ್ನು ಸೆರಗಿನಡಿ ಮುಚ್ಚಿಟ್ಟರೆ, ನ್ಯಾಯ ಕೇಳಿದಂತಾಗದು, ಲಾಭ ಕೇಳಿದಂತಾಗುತ್ತದೆ. ಪಡೆಯುವಾಗ ಪೂರ್ತಿ ಅಳೆಸಿಕೊಂಡು, ಕೊಡುವಾಗ ಕಡಿಮೆ ಮಾಡುವವರಿಗೆ ವಿನಾಶವಿದೆಯೆಂದು ಅಲ್ ಮುತಫ್ಫಿಫೀನ್ ಅಧ್ಯಾಯ ಆರಂಭವಾಗುತ್ತದೆ. ನಾವು ಅದನ್ನು ಅಂಗಡಿಯವರಿಗೆ ಹೇಳಿದ ಮಾತೆಂದು ಓದಿ ಮುಂದೆ ಹೋಗುತ್ತೇವೆ. ಅನ್ನಿಸಾ ಅಧ್ಯಾಯದ 135ನೆಯ ಸೂಕ್ತವಂತೂ ಸತ್ಯವಿಶ್ವಾಸಿಗಳು ಸ್ವತಃ ತಮಗೇ ವಿರುದ್ಧವಾಗಿದ್ದರೂ ಅಲ್ಲಾಹನಿಗಾಗಿ ಸಾಕ್ಷಿ ನಿಲ್ಲಬೇಕೆಂದು ಆಜ್ಞಾಪಿಸುತ್ತದೆ. ಅರ್ಜಿದಾರನೂ ಒಬ್ಬ ಸಾಕ್ಷಿಯೇ.

ಫಲಿತಾಂಶ

ಆಕೆ ಎರಡನ್ನೂ ಬರೆದರು. ಅರ್ಜಿಗೆ ಸಹಿ ಹಾಕುವಾಗ ಕೈ ನಡುಗಿತು ಎಂದು ಅನಂತರ ಹೇಳಿದರು. ಬಿಟ್ಟುಹೋದ ಉತ್ತರಕ್ಕೆ 11 ಅಂಕ ಬಂತು. 8 ಕಳೆಯಿತು. ಒಟ್ಟು 896.

ಪ್ರಿಯ ಓದುಗರೇ, ಸತ್ಯ ಹೇಳಿದವರಿಗೆ ಕೂಡಲೇ ಜಯ ಸಿಕ್ಕಿತೆಂದು ಮುಗಿಯುವ ಕಥೆಗಳು ನಮಗೆ ಇಷ್ಟ. ಇಲ್ಲಿ ಹಾಗಾಗಲಿಲ್ಲ. ಆಕೆ ಎರಡು ದಿನ ಅತ್ತರು. ಅಳುವುದು ಸಹನೆಗೆ ವಿರುದ್ಧವಲ್ಲ. ಪುತ್ರ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿ(ಸ)ರ ಕಣ್ಣುಗಳೂ ತುಂಬಿದ್ದವು. "ನಿಮ್ಮ ಸತ್ಯದಿಂದ ಏನು ಬಂತು?" ಎಂದು ಮಗ ಕೇಳಿದಾಗ ಆಕೆ, "ಮೂರು ಅಂಕ ಬಂತು. ಮೂರೂ ನನ್ನವು" ಎಂದರಂತೆ.

ಪತಿ ಮೊದಲ ದಿನವೇ ಹೇಳಿದ ಸಬ್ರ್‌ಗೆ ಈಗ ಸಮಯ ಬಂದಿತ್ತು. ಉಪಯುಕ್ತವಾದುದಕ್ಕಾಗಿ ಶ್ರಮಿಸು, ಅಲ್ಲಾಹನ ಸಹಾಯ ಬೇಡು, ಕೈಚೆಲ್ಲಿ ಕೂರಬೇಡ, ಅನಂತರ ಏನಾದರೂ ಸಂಭವಿಸಿದರೆ 'ಹೀಗೆ ಮಾಡಿದ್ದರೆ ಹಾಗಾಗುತ್ತಿತ್ತು' ಎನ್ನಬೇಡ, ಆ 'ರೆ' ಶೈತಾನನ ಕೆಲಸಕ್ಕೆ ಬಾಗಿಲು ತೆರೆಯುತ್ತದೆ ಎಂಬರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಅದರಲ್ಲಿರುವ ಕ್ರಮವನ್ನು ಗಮನಿಸಿರಿ. ಶ್ರಮ ಮೊದಲು, ತೃಪ್ತಿ ಕೊನೆಗೆ. ನಾವು ಅನೇಕ ವೇಳೆ ಇದನ್ನು ತಲೆಕೆಳಗು ಮಾಡುತ್ತೇವೆ. ಶ್ರಮಿಸಬೇಕಾದಾಗ ವಿಧಿಯ ಮಾತಾಡುತ್ತೇವೆ, ವಿಧಿಯನ್ನು ಒಪ್ಪಬೇಕಾದಾಗ ಜನರನ್ನು ದೂರುತ್ತೇವೆ.

ಸ್ನಾತಕೋತ್ತರ ಪದವಿಯಲ್ಲಿ 50 ಶೇಕಡಾ ಬಂದರೂ ಬಿ.ಎಡ್. ಬಾಗಿಲು ತೆರೆಯುತ್ತಿತ್ತು. ಸಹೋದರಿ ಎಂ.ಎ.ಗೆ ಸೇರಿದರು. ಮತ್ತೆರಡು ವರ್ಷಗಳ ದುಡಿಮೆ, ಮತ್ತೆ ಅದೇ ಅಡಿಗೆ ಕೋಣೆಯ ದೀಪ. ಈ ವಯಸ್ಸಿನಲ್ಲಿ ಓದೇ ಎಂದು ನಕ್ಕವರೂ ಇದ್ದಾರೆ. ಪ್ರವಾದಿ(ಸ)ರ ಸಂಗಾತಿಗಳು ದೊಡ್ಡ ವಯಸ್ಸಿನಲ್ಲಿಯೇ ವಿದ್ಯೆ ಕಲಿತರೆಂದು ಇಮಾಮ್ ಬುಖಾರಿಯವರು ಜ್ಞಾನದ ಅಧ್ಯಾಯದಲ್ಲಿ ಬರೆದಿಟ್ಟಿರುವುದನ್ನು ಅಂಥವರಿಗೆ ತಿಳಿಸಬೇಕು. ಮನೆಯಲ್ಲಿ ಒಬ್ಬ ತಾಯಿ ಓದಲು ಕುಳಿತರೆ ಪಾತ್ರೆ ತೊಳೆಯಲು ಇತರರ ಕೈಗಳಿವೆ ಎಂಬುದನ್ನೂ ನಾವು ಕಲಿಯಬೇಕು.

ಒಂದು ದಿನ ನಮ್ಮೆಲ್ಲರ ಉತ್ತರ ಪತ್ರಿಕೆಯೂ ತೆರೆಯಲ್ಪಡಲಿದೆ. ಅಲ್ಲಿ ಒಂದು ಹಾಳೆಯೂ ಓದದೆ ಉಳಿಯುವುದಿಲ್ಲ, ಒಂದು ಅಂಕಿಯೂ ಎರಡು ಬಾರಿ ಬರೆಯಲ್ಪಡುವುದಿಲ್ಲ. ಆ ದಿನದ ತಕ್ಕಡಿಯನ್ನು ನೆನೆದು ಇಂದಿನ ತಕ್ಕಡಿಯನ್ನು ನೇರವಾಗಿ ಹಿಡಿಯುವ ಸೌಭಾಗ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.