ಇಂದಿನ ಧಮ್ಮ ಚಿಂತನೆ: ‘ಸ್ವ’ ಇಲ್ಲದಿದ್ದರೆ ಸ್ವಾಭಿಮಾನ ಯಾರದು?



ನಮ್ಮ ಇಟಗಿಯ ಓದಿನ ಬಳಗದಲ್ಲಿ ಒಬ್ಬ ಹುಡುಗ ಕೇಳಿದ: “ಅಣ್ಣಾ, ಬುದ್ಧ ಆತ್ಮ ಇಲ್ಲ ಅಂದ. ಬಾಬಾಸಾಹೇಬ್ರು ಸ್ವಾಭಿಮಾನದಿಂದ ಬಾಳ್ರಿ ಅಂದ್ರು. ‘ಸ್ವ’ ಅನ್ನೂದ ಇಲ್ಲಂದ್ರ ಅಭಿಮಾನ ಯಾರದು?”

ಒಳ್ಳೆಯ ಪ್ರಶ್ನೆ. ಮಿಲಿಂದ ರಾಜನಿಗೆ ಭಿಕ್ಖು ನಾಗಸೇನ ರಥ ತೋರಿಸಿ ಉತ್ತರ ಕೊಟ್ಟ. ನಾನು ಚಕ್ಕಡಿ ಎನ್ನುತ್ತೇನೆ. ಗಾಲಿ, ಅಚ್ಚು, ನೊಗ ಎಲ್ಲ ಬಿಚ್ಚಿ ಅಂಗಳದಲ್ಲಿಟ್ಟರೆ ಚಕ್ಕಡಿ ಎಲ್ಲಿ? ಎಲ್ಲೂ ಇಲ್ಲ. ಹಾಗಂತ ಚಕ್ಕಡಿ ಸುಳ್ಳೇ? ಎರೆಹೊಲದಿಂದ ಕಡಲೆ ಚೀಲ ಮನೆಗೆ ಬಂದದ್ದು ಅದರ ಮೇಲೆಯೇ. ‘ನಾನು’ ಎಂಬುದೂ ಹೀಗೆ. ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಈ ಐದು ಕೂಡಿ ನಡೆಯುತ್ತವೆ. ಇವುಗಳಾಚೆ ಬದಲಾಗದ ಯಜಮಾನನೊಬ್ಬ ಒಳಗೆ ಕೂತಿಲ್ಲ. ಸಾರನಾಥದಲ್ಲಿ ಐವರು ಭಿಕ್ಖುಗಳಿಗೆ ಬುದ್ಧರು ತಿಳಿಸಿದ್ದು ಇಷ್ಟು. ‘ಎಲ್ಲ ಮಾಯೆ’ ಎಂಬುದು ಬೇರೆಯವರ ಮಾತು, ನಮ್ಮದಲ್ಲ.

ಬಾಬಾಸಾಹೇಬರಿಗೆ ಇದು ಬರೀ ತತ್ವವಾಗಿರಲಿಲ್ಲ. 1957ರಲ್ಲಿ, ಅವರ ಪರಿನಿಬ್ಬಾಣದ ನಂತರ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ದ ಪೀಠಿಕೆಯಲ್ಲೇ, ಆತ್ಮವಿಲ್ಲದ ಮೇಲೆ ಕರ್ಮ, ಪುನರ್ಜನ್ಮ ಹೇಗೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ. ಯಾಕೆ? ನಮ್ಮ ಆಯಿಗೆ ಹೋಟೆಲಿನವರು ಹೊರಗೆ ಕೂರಿಸಿ ಬೇರೆ ಬಸಿಯಲ್ಲಿ ಚಹಾ ಕೊಡುತ್ತಿದ್ದರು. ಆಕೆ ಜಗಳ ತೆಗೆಯಲಿಲ್ಲ. “ಪಡಕೊಂಡು ಬಂದದ್ದು” ಎನ್ನುತ್ತಿದ್ದಳು. ಯಾರು ಪಡಕೊಂಡು ಬಂದರು? ಯಾವ ಚೀಲದಲ್ಲಿ? ಹಿಂದಿನ ಜನ್ಮದ ಲೆಕ್ಕ ಹೊತ್ತು ತರಲು ಒಂದು ಆತ್ಮ ಬೇಕು. ಆ ಆತ್ಮವೇ ಇಲ್ಲವೆಂದ ಮೇಲೆ ಆಕೆ ಏನನ್ನೂ ತಂದಿರಲಿಲ್ಲ. ಆ ಬಸಿ ಇದೇ ಜನ್ಮದಲ್ಲಿ, ಮನುಷ್ಯರ ಕೈಯಿಂದ ಬಂದದ್ದು.

ನೋವಾಗಲು ಆತ್ಮ ಬೇಕಿಲ್ಲ, ವೇದನೆ ಸಾಕು. ಬಸಿ ಬೇಡ ಎನ್ನಲೂ ಆತ್ಮ ಬೇಕಿಲ್ಲ. ನಾನು ಸ್ವಾಭಿಮಾನ ಎನ್ನುವುದು ಆ ‘ಬೇಡ’ಕ್ಕೆ.

ಇನ್ನೊಂದು ಮಾತು, ಸ್ವಲ್ಪ ಕಹಿ. ಹುಟ್ಟಿನ ಜೊತೆ ಬಂದ ಕೀಳುತನ ಇಲ್ಲವಾದರೆ ಹುಟ್ಟಿನ ಜೊತೆ ಬಂದ ಮೇಲುತನವೂ ಇಲ್ಲ. ಇದನ್ನು ಮೇಲಿನವರಿಗೆ ಹೇಳುವುದು ಸುಲಭ. ಆದರೆ ತಿಸರಣ ಪಠಿಸಿ, ಪಂಚಶೀಲ ತೆಗೆದುಕೊಂಡು, ಮಗಳಿಗೆ ಗಂಡು ನೋಡುವಾಗ “ಎಡವೋ ಬಲವೋ” ಎಂದು ಮೆಲ್ಲಗೆ ವಿಚಾರಿಸುವವರು ನಮ್ಮಲ್ಲೇ ಇದ್ದಾರೆ. ಅವರು ಹುಡುಗನಲ್ಲಿ ಹುಡುಕುತ್ತಿರುವುದು ಐದು ಸ್ಕಂಧಗಳಲ್ಲಿ ಯಾವುದನ್ನು?

ಜೈ ಭೀಮ್.